ಡ್ಯಾಶ್‌ಬೋರ್ಡಿನ ಹಿಂದೆ ಸರಿದ ಹೀಟರ್

ಹಳೆಯ ಕಾರಿನ ಹೀಟರ್ ಕೋರ್ ಸೋರಿದರೆ ತುಕ್ಕನ್ನು ದೂರುವುದು ರೂಢಿ. ಅಮೆರಿಕದ ಕಾರುಗಳ ಚರಿತ್ರೆ ನೋಡಿದರೆ, ಆ ಸೋರಿಕೆಯನ್ನು ದುಬಾರಿ ಮಾಡಿದ್ದು ಕೋರ್ ಕೂರಿಸಿದ ಜಾಗ ಎಂದೇ ನನ್ನ ವಾದ. 1930ರ ದಶಕದಲ್ಲಿ ಬಿಸಿನೀರಿನ ಹೀಟರ್ ಬಹುಮಟ್ಟಿಗೆ ಬೇರೆಯಾಗಿ ಕೊಂಡು ಜೋಡಿಸುವ ಪೆಟ್ಟಿಗೆ. ಡ್ಯಾಶ್‌ಬೋರ್ಡಿನ ಕೆಳಗೆ ಕಣ್ಣಿಗೆ ಕಾಣುವಂತೆಯೇ ಇರುತ್ತಿತ್ತು. ಒಳಗೆ ಎಂಜಿನ್ನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರ್, ಅದೇ ಕೋರ್; ಜೊತೆಗೊಂದು ಫ್ಯಾನು. ಸೋರಿದರೆ ಎರಡು ಹೋಸ್ ಬಿಚ್ಚಿ, ಪೆಟ್ಟಿಗೆ ಇಳಿಸಿ, ತಾಮ್ರ-ಹಿತ್ತಾಳೆಯ ಕೋರಿಗೆ ಬೆಸುಗೆ ಹಾಕಬಹುದಿತ್ತು. 1938ರ ನ್ಯಾಶ್ ಕಾರುಗಳು ಹೊರಗಿನ ಗಾಳಿಯನ್ನೇ ಸೋಸಿ, ಬಿಸಿಮಾಡಿ ಒಳಬಿಡುವ ವ್ಯವಸ್ಥೆ ತಂದವು. ಮುಂದಿನ ದಶಕಗಳಲ್ಲಿ ಹೀಟರ್, ಗಾಜಿನ ಮಂಜು ಕರಗಿಸುವ ಗಾಳಿನಾಳ, ಏರ್ ಕಂಡೀಷನರ್ ಒಂದೇ ಗೂಡು ಸೇರಿದವು. ಅನೇಕ ಮಾದರಿಗಳಲ್ಲಿ ಕೋರ್ ಮುಟ್ಟಲು ಡ್ಯಾಶ್‌ಬೋರ್ಡನ್ನೇ ಕಳಚಬೇಕಾಯಿತು.

ಮಂಜು ಕಟ್ಟಿದ ಗಾಜಿನೊಂದಿಗೆ ಕಾರು ಓಡಿಸುವುದು ಅಪಾಯ, ಆದ್ದರಿಂದ ಈ ಜೋಡಣೆ ಅನಿವಾರ್ಯ ಎನ್ನಬಹುದು. ಅಪಾಯ ನಿಜವೇ. ಆದರೆ ಗಾಳಿನಾಳ ಒಳಗಿದ್ದ ಮಾತ್ರಕ್ಕೆ ಕೋರ್ ಕೈಗೆಟುಕದಂತಿರಬೇಕಿಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ಕಡೆಯಿಂದಲೇ ಅದನ್ನು ಹೊರತೆಗೆಯಬಹುದಿತ್ತು. ಡ್ಯಾಶ್‌ಬೋರ್ಡ್ ಕಳಚುವ ಖರ್ಚು ತಪ್ಪಿಸಲು ಎರಡೂ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೋರನ್ನು ಬಿಟ್ಟುಬಿಡುವ ಉಪಾಯ ಸೋರಿಕೆಯನ್ನೇನೋ ನಿಲ್ಲಿಸುತ್ತದೆ, ಮಂಜು ಕರಗಿಸುವ ಬಿಸಿಗಾಳಿಯನ್ನೂ ಕಳೆಯುತ್ತದೆ. ಚಳಿನಾಡಿನಲ್ಲಿ ಅದನ್ನು ರಿಪೇರಿ ಎನ್ನಲಾಗದು.