ವೃದ್ಧಾಪ್ಯ ವೇತನದ ಹಾದಿ: 75 ರೂಪಾಯಿಯಿಂದ ಇಂದಿನವರೆಗೆ

ತಂದೆತಾಯಿಯರ ಮುಪ್ಪಿನ ಹೊಣೆ ಮಕ್ಕಳದೆಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿದ ನಂಬಿಕೆ. ಕಡಲಾಚೆ ನೆಲೆಸಿರುವ ನಾವೂ ಊರಿಗೆ ಹಣ ಕಳುಹಿಸಿ ಆ ಹೊಣೆಯನ್ನು ನಿರ್ವಹಿಸುತ್ತಿದ್ದೇವೆ. ಆದರೆ ಕಳುಹಿಸುವವರೇ ಇಲ್ಲದ ಹಿರಿಯರ ಗತಿಯೇನು?

ನಮ್ಮ ಸಂವಿಧಾನದ 41ನೇ ವಿಧಿಯು, ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ, ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ಸರ್ಕಾರಕ್ಕೆ ನಿರ್ದೇಶಿಸಿದೆ. ಆ ಆಶಯವು ಕೇಂದ್ರದ ರಾಷ್ಟ್ರವ್ಯಾಪಿ ಪಿಂಚಣಿಯಾಗಿ ರೂಪುಗೊಂಡದ್ದು 1995ರ ಆಗಸ್ಟ್ 15ರಂದು. 65 ವರ್ಷ ದಾಟಿದ ನಿರ್ಗತಿಕರಿಗೆ ಆಗ ಗೊತ್ತುಪಡಿಸಿದ ಮೊತ್ತ ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ರೂಪಾಯಿಗೆ ಏರಿತು. ಮರುವರ್ಷ ಬಡತನ ರೇಖೆಗಿಂತ ಕೆಳಗಿನ ಎಲ್ಲ ಹಿರಿಯರಿಗೂ ಯೋಜನೆ ವಿಸ್ತರಿಸಿತು. 2011ರಲ್ಲಿ ಅರ್ಹತೆಯ ವಯಸ್ಸು 60ಕ್ಕೆ ಇಳಿದು, 80 ದಾಟಿದವರಿಗೆ 500 ರೂಪಾಯಿ ನಿಗದಿಯಾಯಿತು. ಉಳಿದವರಿಗೆ ಕೇಂದ್ರ ನೀಡುವ ಪಾಲು ಮಾತ್ರ 200 ರೂಪಾಯಿಯಲ್ಲಿಯೇ ನಿಂತಿತು. ಕೊರತೆಯನ್ನು ತುಂಬುವ ಭಾರ ರಾಜ್ಯಗಳ ಮೇಲೆ ಬಿದ್ದಿತು. ಕರ್ನಾಟಕವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿ, ಅದರ ಮೊತ್ತವನ್ನು ಆಗಾಗ ಹೆಚ್ಚಿಸುತ್ತ ಬಂದಿದೆ.

ಆರೋಗ್ಯದ ಕಥೆ ಬೇರೆಯೇ ದಾರಿಯಲ್ಲಿ ಸಾಗಿತು. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ ಪ್ರಕಟವಾಯಿತು. 2010ರಲ್ಲಿ ಪ್ರಾರಂಭವಾದ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಗಳಲ್ಲಿ ಹತ್ತು ಹಾಸಿಗೆಗಳ ಪ್ರತ್ಯೇಕ ವಾರ್ಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆಯನ್ನೂ ಉದ್ದೇಶಿಸಿತು. 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯು, ಆದಾಯದ ಮಿತಿಯಿಲ್ಲದೆ, 70 ತುಂಬಿದ ಎಲ್ಲರನ್ನೂ ಒಳಗೊಂಡಿತು.

ಪಿಂಚಣಿಯನ್ನು ಗ್ರಾಮೀಣಾಭಿವೃದ್ಧಿ ಸಚಿವಾಲಯವೂ ಚಿಕಿತ್ಸೆಯನ್ನು ಆರೋಗ್ಯ ಸಚಿವಾಲಯವೂ ಹಿರಿಯರ ನೀತಿಯನ್ನು ಸಾಮಾಜಿಕ ನ್ಯಾಯ ಸಚಿವಾಲಯವೂ ನೋಡಿಕೊಳ್ಳುತ್ತವೆ. ವೃದ್ಧರ ಬದುಕಿನಲ್ಲಾದರೋ ಬಡತನವೂ ಕಾಯಿಲೆಯೂ ಒಂದೇ ಮನೆಯಲ್ಲಿರುತ್ತವೆ. ಆಯುಷ್ಮಾನ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನು ಭರಿಸುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ದಿನನಿತ್ಯ ಬೇಕಾಗುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದಿದ್ದಾಗ ಆ ಅಲ್ಪ ಪಿಂಚಣಿಯಲ್ಲಿಯೇ ಅವನ್ನು ಕೊಳ್ಳಬೇಕಾಗುತ್ತದೆ. ಈ ಎರಡನ್ನೂ ಒಟ್ಟಿಗೆ ಯೋಚಿಸುವ ಕೆಲಸ ಇನ್ನೂ ಬಾಕಿಯಿದೆ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನೆರೆಮನೆಯ ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತಿದೆಯೇ, ಆಯುಷ್ಮಾನ್ ಕಾರ್ಡ್ ಆಗಿದೆಯೇ ಎಂದು ವಿಚಾರಿಸೋಣ. ಆಗಿಲ್ಲದಿದ್ದರೆ ಅರ್ಜಿ ಬರೆದುಕೊಟ್ಟು, ನಾಡಕಚೇರಿಯವರೆಗೆ ಅವರ ಜೊತೆಗೆ ಹೋಗಿಬರೋಣ.