ಮೊದಲು ಸಂಖ್ಯೆ, ಆಮೇಲೆ ಹೆಸರು

'1988 ಡಿಕ್ಯೂ1' - ಇದನ್ನು ಓದಿದೊಡನೆ ಯಾವುದೋ ಲಾರಿಯ ನೋಂದಣಿ ಸಂಖ್ಯೆ ಇರಬೇಕೆಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತಿರುವ ಒಂದು ಬಂಡೆಗೆ ಕೊಟ್ಟ ಮೊದಲ ಗುರುತು. ಈಗ ಅದರ ಪೂರ್ಣ ಹೆಸರು (4130) ರಾಮಾನುಜನ್. ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಹೆಸರು ಆಕಾಶದಲ್ಲಿ ನಿಲ್ಲಲು ಮೊದಲು ಈ ಲಾರಿಯ ನಂಬರು, ಅನಂತರ 4130 ಎಂಬ ಕ್ರಮಸಂಖ್ಯೆ, ಕೊನೆಗೆ ಹೆಸರು ಎಂಬ ಮೂರು ಮೆಟ್ಟಿಲು ಹತ್ತಬೇಕಾಯಿತು. ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದರ ಕೆಲವು ಪುಟಗಳು ನಮ್ಮ ನೆರೆಯ ಮದ್ರಾಸಿನಲ್ಲೇ ಬರೆಯಲ್ಪಟ್ಟವು.

(ಕನ್ನಡದಲ್ಲಿ 'ಕ್ಷುದ್ರಗ್ರಹ' ಎಂಬ ಮಾತು ರೂಢಿಯಲ್ಲಿದೆ. ಅದರಲ್ಲಿ ತುಸು ತಿರಸ್ಕಾರದ ವಾಸನೆ ಇದೆಯೆಂದು ನನಗೆ ತೋರುವುದರಿಂದ ಇಲ್ಲಿ ಕಿರುಗ್ರಹ ಎಂದೇ ಬರೆದಿದ್ದೇನೆ.)

ಮೊದಲ ಕಿರುಗ್ರಹ ಸಿಕ್ಕಿದ್ದು 1801ರ ಜನವರಿ 1ರ ರಾತ್ರಿ. ಸಿಸಿಲಿಯ ಪಲೆರ್ಮೊ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಸ್ಥಾನಗಳನ್ನು ಗುರುತಿಸುತ್ತಿದ್ದ ಜುಸೆಪ್ಪೆ ಪಿಯಾಜಿ ಅವರು ವೃಷಭ ರಾಶಿಯಲ್ಲಿ ಒಂದು ಮಂಕು ಚುಕ್ಕೆಯನ್ನು ಕಂಡರು. ಮರುರಾತ್ರಿ ಅದು ಸ್ವಲ್ಪ ಸರಿದಿತ್ತು. ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದ ಪಿಯಾಜಿ ಕಾಯಿಲೆ ಬಿದ್ದರು. ಅಷ್ಟರಲ್ಲಿ ಆ ಕಾಯ ಸೂರ್ಯನ ಪ್ರಭೆಯೊಳಗೆ ಮರೆಯಾಯಿತು. ಕೈಯಲ್ಲಿ ಉಳಿದದ್ದು ನಲವತ್ತೊಂದು ದಿನಗಳ ಅವಧಿಯ ಕೆಲವು ವೀಕ್ಷಣೆಗಳು ಮಾತ್ರ. ಸೂರ್ಯನ ಸುತ್ತ ಒಂದು ಸುತ್ತು ಬರಲು ನಾಲ್ಕೂವರೆ ವರ್ಷಕ್ಕೂ ಹೆಚ್ಚು ಹಿಡಿಯುವ ಕಾಯ ಇಷ್ಟು ಕಡಿಮೆ ಅವಧಿಯಲ್ಲಿ ಆಕಾಶದ ಒಂದು ಸಣ್ಣ ಕಂಸವನ್ನಷ್ಟೇ ಕ್ರಮಿಸಿತ್ತು. ಅದನ್ನು ಆಧರಿಸಿ ಉಳಿದ ಪಥವನ್ನು ಹೇಳುವುದು ಹೇಗೆ?

ಇಪ್ಪತ್ತನಾಲ್ಕರ ತರುಣ ಕಾರ್ಲ್ ಫ್ರೀಡ್ರಿಕ್ ಗಾಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಬೇರೆ ಬೇರೆ ದಿನಗಳ ಮೂರು ವೀಕ್ಷಣೆಗಳಿಂದಲೇ ದೀರ್ಘವೃತ್ತ ಕಕ್ಷೆಯನ್ನು ಗಣಿಸುವ ವಿಧಾನ ರೂಪಿಸಿದರು. ಅವರು ಹೇಳಿದ ಜಾಗದ ಸಮೀಪದಲ್ಲಿಯೇ, ಸರಿಯಾಗಿ ಒಂದು ವರ್ಷ ಕಳೆಯುವ ಹೊತ್ತಿಗೆ, 1801ರ ಡಿಸೆಂಬರ್ 31ರಂದು ಫಾನ್ ಜ಼ಾಖ್ ಮತ್ತು ಮರುದಿನ ಓಲ್ಬರ್ಸ್ ಆ ಕಾಯವನ್ನು ಮತ್ತೆ ಕಂಡರು. ಈ ಘಟನೆಯನ್ನು ನೀವು ನೆನಪಿನಲ್ಲಿಡಬೇಕು. ಕಿರುಗ್ರಹವನ್ನು 'ಕಾಣುವುದು' ಒಂದು, ಅದನ್ನು 'ಹೊಂದುವುದು' ಇನ್ನೊಂದು. ಕಕ್ಷೆ ತಿಳಿಯದ ಕಿರುಗ್ರಹ ಜಾತ್ರೆಯಲ್ಲಿ ಕೈಬಿಟ್ಟ ಮಗುವಿದ್ದಂತೆ. ಇಂದಿಗೂ ಕಕ್ಷೆ ಖಚಿತವಾಗುವವರೆಗೆ ಕ್ರಮಸಂಖ್ಯೆ ಕೊಡುವುದಿಲ್ಲ. ಸಂಖ್ಯೆ ಸಿಗುವವರೆಗೆ ಹೆಸರೂ ಇಲ್ಲ.

ಹೆಸರಿನ ಜಗಳ ಮಾತ್ರ ಮೊದಲ ದಿನದಿಂದಲೇ ಇತ್ತು. ಪಿಯಾಜಿ ತಮ್ಮ ಶೋಧಕ್ಕೆ 'ಸೀರಿಸ್ ಫರ್ಡಿನಾಂಡಿಯಾ' ಎಂದು ಹೆಸರಿಟ್ಟರು. ಸೀರಿಸ್ ಎಂದರೆ ಧಾನ್ಯದೇವತೆ, ಸಿಸಿಲಿಯ ರಕ್ಷಕಿ. ಫರ್ಡಿನಾಂಡ್ ಅವರಿಗೆ ಆಶ್ರಯ ಕೊಟ್ಟಿದ್ದ ಅರಸ. ಬೇರೆ ದೇಶದವರು ದೇವತೆಯನ್ನು ಒಪ್ಪಿದರು, ಅರಸನನ್ನು ಒಪ್ಪಲಿಲ್ಲ. ಮುಂದೆ ಪಲ್ಲಾಸ್ (1802), ಜೂನೊ (1804), ವೆಸ್ಟಾ (1807) ಸೇರಿಕೊಂಡವು. ಆಮೇಲೆ ಮೂವತ್ತೆಂಟು ವರ್ಷ ಒಂದೂ ಸಿಗಲಿಲ್ಲ. ಆ ಕಾಲದ ಶಾಲಾ ಪುಸ್ತಕಗಳು ಈ ನಾಲ್ಕನ್ನೂ ಸೇರಿಸಿ ಗ್ರಹಗಳು ಹನ್ನೊಂದು ಎಂದೇ ಕಲಿಸಿದವು. ಪ್ಲೂಟೊ ಪದಚ್ಯುತಿಯಿಂದ ನೊಂದವರು ಇದನ್ನು ಗಮನಿಸಬಹುದು. ಪಟ್ಟ ಕಳೆದುಕೊಂಡವರಲ್ಲಿ ಪ್ಲೂಟೊ ಮೊದಲಿಗನಲ್ಲ.

1845ರಲ್ಲಿ ಪ್ರಷ್ಯದ ಡ್ರೀಸೆನ್ ಊರಿನ ಅಂಚೆ ಇಲಾಖೆಯ ನೌಕರರಾಗಿದ್ದ ಕಾರ್ಲ್ ಹೆಂಕೆ ಸುಮಾರು ಹದಿನೈದು ವರ್ಷಗಳ ಹುಡುಕಾಟದ ಬಳಿಕ ಐದನೆಯದಾದ ಆಸ್ಟ್ರಿಯಾವನ್ನು ಕಂಡುಹಿಡಿದರು. 1847ರಿಂದ ಶೋಧಗಳ ಮಳೆ ಶುರುವಾಯಿತು. ಆಗ ಪ್ರತಿ ಗ್ರಹಕ್ಕೂ ಒಂದು ಚಿತ್ರಸಂಕೇತ ಇರುತ್ತಿತ್ತು. ಸೀರಿಸ್‌ಗೆ ಕುಡುಗೋಲು, ಪಲ್ಲಾಸ್‌ಗೆ ಈಟಿ, ವೆಸ್ಟಾಗೆ ಬೆಂಕಿ ಉರಿಯುವ ವೇದಿಕೆ. 1851ರಲ್ಲಿ ಹದಿನಾಲ್ಕನೆಯ ಐರಿನ್ ಸಿಕ್ಕಾಗ ಸೂಚಿತವಾದ ಸಂಕೇತ ಯಾವುದು ಗೊತ್ತೆ? ತಲೆಯ ಮೇಲೆ ನಕ್ಷತ್ರ ಹೊತ್ತು, ಆಲಿವ್ ರೆಂಬೆ ಕಚ್ಚಿದ ಪಾರಿವಾಳ! ಪ್ರತಿ ರಾತ್ರಿಯ ವೀಕ್ಷಣಾ ಪುಸ್ತಕದಲ್ಲಿ ಇದನ್ನು ಬರೆಯುವವರ ಪಾಡು ಏನಾಗಬೇಕು? ಅದೇ ವರ್ಷ ಬರ್ಲಿನ್ನಿನ ಎಂಕೆ ತಮ್ಮ ಪಂಚಾಂಗದಲ್ಲಿ ಚಿತ್ರಗಳ ಬದಲು ವೃತ್ತದೊಳಗೆ ಅಂಕಿ ಬರೆಯುವ ಕ್ರಮ ತಂದರು. ಹಳೆಯ ನಾಲ್ವರ ಗೌರವ ಕಾಪಾಡಲು ಅವರು ಎಣಿಕೆಯನ್ನು ಆಸ್ಟ್ರಿಯಾದಿಂದ ಆರಂಭಿಸಿದ್ದರು. ಬೇಗನೆ ಅದು ತಿದ್ದುಪಡಿಯಾಗಿ ಸೀರಿಸ್ 1, ಆಸ್ಟ್ರಿಯಾ 5 ಆದವು. ಮುಂದೆ ವೃತ್ತವೇ ಆವರಣ ಚಿಹ್ನೆಯಾಯಿತು. (4130) ಎಂದು ನಾವು ಬರೆಯುವ ರೂಢಿ ಅಲ್ಲಿಂದ ಬಂದದ್ದು.

ಇನ್ನು ಮದ್ರಾಸಿಗೆ ಬರೋಣ. ನಾರ್ಮನ್ ರಾಬರ್ಟ್ ಪಾಗ್ಸನ್ ಆಕ್ಸ್‌ಫರ್ಡಿನಲ್ಲಿದ್ದಾಗಲೇ ಐಸಿಸ್ (42) ಮೊದಲಾದ ಕಿರುಗ್ರಹಗಳನ್ನು ಕಂಡುಹಿಡಿದಿದ್ದವರು. ನಕ್ಷತ್ರಗಳ ಕಾಂತಿಮಾನದಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಬೆಳಕಿನಲ್ಲಿ 2.512 ಪಟ್ಟು ಎಂದು 1856ರಲ್ಲಿ ಸೂಚಿಸಿದವರೂ ಅವರೇ. 1861ರ ಆರಂಭದಲ್ಲಿ ಅವರು ಮದ್ರಾಸ್ ವೀಕ್ಷಣಾಲಯದ ಹೊಣೆ ಹೊತ್ತರು. ಅದೇ ಏಪ್ರಿಲ್ 17ರಂದು 67ನೆಯ ಕಿರುಗ್ರಹ ಸಿಕ್ಕಿತು. ಏಷ್ಯಾ ಖಂಡದಿಂದ ಆದ ಮೊದಲ ಕಿರುಗ್ರಹ ಶೋಧ ಇದು. ಹೆಸರೂ ಏಷ್ಯಾ ಎಂದೇ ಆಯಿತು. ಗ್ರೀಕ್ ಪುರಾಣದಲ್ಲಿ ಏಷ್ಯಾ ಎಂಬ ಜಲದೇವತೆಯೂ ಇದ್ದುದರಿಂದ ಪುರಾಣದ ಹೆಸರೇ ಬೇಕೆನ್ನುವವರ ಬಾಯಿಯೂ ಮುಚ್ಚಿತು.

ಆ ಬಳಿಕ ಮದ್ರಾಸಿನಿಂದ ಸ್ಯಾಫೊ (80), ಸಿಲ್ವಿಯಾ (87), ಕೆಮಿಲ್ಲಾ (107), 1885ರಲ್ಲಿ ವೀರಾ (245) ಸಿಕ್ಕವು. ಛಾಯಾಚಿತ್ರವಿಲ್ಲದ ಕಾಲ ಅದು. ಆಕಾಶದ ಒಂದು ತುಂಡಿನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ದೂರದರ್ಶಕದಲ್ಲಿ ಕಾಣುವ ಒಂದೊಂದು ಚುಕ್ಕೆಯನ್ನೂ ಅದರೊಡನೆ ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕೆ ಕಂಡರೆ ಕಾದು ನೋಡಬೇಕು. ಮದ್ರಾಸಿನ ಸೆಕೆ, ತೇವ, ಮುಂಗಾರು-ಹಿಂಗಾರುಗಳ ಮೋಡ ಇವುಗಳ ನಡುವೆ ಈ ಕೆಲಸ. ಇವುಗಳಲ್ಲಿ ಸಿಲ್ವಿಯಾಗೆ ಎರಡು ಉಪಗ್ರಹಗಳಿರುವುದು 2005ರಲ್ಲಿ ಪ್ರಕಟವಾಯಿತು. ಎರಡು ಉಪಗ್ರಹಗಳುಳ್ಳ ಕಿರುಗ್ರಹವೆಂದು ಮೊದಲು ತಿಳಿದುಬಂದದ್ದು ಅದೇ.

ಪಾಗ್ಸನ್ನರ ಮಗಳು ಎಲಿಜ಼ಬೆತ್ ಐಸಿಸ್ ಪಾಗ್ಸನ್ ಇದೇ ವೀಕ್ಷಣಾಲಯದಲ್ಲಿ ಗಣಕಿಯಾಗಿ ದುಡಿದರು. 1886ರಲ್ಲಿ ತಂದೆ ಆಕೆಯ ಹೆಸರನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದಾಗ, ಹೆಂಗಸರಿಗೆ ಅವಕಾಶವಿಲ್ಲವೆಂದು ಅದು ಬಿದ್ದುಹೋಯಿತು. ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ. 42ನೆಯ ಕಿರುಗ್ರಹದ ಹೆಸರನ್ನೇ ಹೊತ್ತ ಹೆಣ್ಣುಮಗಳಿಗೆ ಖಗೋಳ ಸಂಘದ ಬಾಗಿಲು ತೆರೆಯಲು ಮೂವತ್ತನಾಲ್ಕು ವರ್ಷ ಬೇಕಾಯಿತು. ವೀಕ್ಷಣಾಲಯದ ಇನ್ನೊಬ್ಬ ದುಡಿಮೆಗಾರರು ಚಿಂತಾಮಣಿ ರಘುನಾಥಾಚಾರಿ. 1867ರಲ್ಲಿ 'ಆರ್ ರೆಟಿಕ್ಯುಲಿ' ಎಂಬ ಚರಕಾಂತಿಯ ನಕ್ಷತ್ರವನ್ನು ಪತ್ತೆಹಚ್ಚಿದವರು ಇವರು. 1874ರ ಶುಕ್ರ ಸಂಕ್ರಮದ ಬಗ್ಗೆ ಇವರು ಜನರಿಗಾಗಿ ಬರೆದ ಪುಸ್ತಿಕೆ ಕನ್ನಡದಲ್ಲೂ ಬಂದಿತು. ಆದರೆ ಮದ್ರಾಸಿನ ಐದೂ ಕಿರುಗ್ರಹಗಳ ಎದುರು ಶೋಧಕರ ಅಂಕಣದಲ್ಲಿರುವುದು ಒಂದೇ ಹೆಸರು, ಪಾಗ್ಸನ್. ಅಂಕಣದಲ್ಲಿ ಸಹಾಯಕರಿಗೆ ಜಾಗವಿಲ್ಲ.

ಹೆಸರಿಡುವ ಹಕ್ಕು ಶೋಧಕರದು ಎಂದಾದ ಮೇಲೆ ಅದನ್ನು ಮಾರಬಹುದಲ್ಲವೆ? ಹಾಗೆ ಮಾಡಿದವರಿದ್ದಾರೆ. ವಿಯೆನ್ನಾದ ಯೊಹಾನ್ ಪಲೀಸಾ 1886ರ ಸೂರ್ಯಗ್ರಹಣ ನೋಡಲು ಪ್ರಯಾಣದ ಹಣ ಹೊಂದಿಸಲೆಂದು, 244ನೆಯ ಕಿರುಗ್ರಹದ ಹೆಸರನ್ನು 50 ಪೌಂಡಿಗೆ ಕೊಡುವುದಾಗಿ 1885ರಲ್ಲಿ ಜಾಹೀರಾತು ಕೊಟ್ಟರು. ಆ 244ಕ್ಕೆ ಈಗಿರುವ ಹೆಸರು ಸೀತಾ. ಹೌದು, ನಮ್ಮ ರಾಮಾಯಣದ ಸೀತೆಯೇ. ಬ್ಯಾಂಕ್ ಕುಟುಂಬದ ಬ್ಯಾರನ್ ಆಲ್ಬರ್ಟ್ ರಾಥ್‌ಶೀಲ್ಡ್ 50 ಪೌಂಡು ತೆತ್ತು 250ನೆಯದಕ್ಕೆ ತಮ್ಮ ಹೆಂಡತಿ ಬೆಟೀನಾ ಹೆಸರು ಇಡಿಸಿದರು. 1911ರಲ್ಲಿ ಬ್ಯಾರನ್ ತೀರಿಕೊಂಡರು. ಅದೇ ವರ್ಷ ಪಲೀಸಾ ಕಂಡ 719ನೆಯದಕ್ಕೆ ಆಲ್ಬರ್ಟ್ ಎಂದು ಹೆಸರಾಯಿತು. ಮುಂದೆ ನಡೆದದ್ದು ವಿಚಿತ್ರ. ಹೆಂಡತಿಯ ಕಿರುಗ್ರಹ ತನ್ನ ಕಕ್ಷೆಯಲ್ಲಿ ನೆಟ್ಟಗೆ ಇತ್ತು, ಗಂಡನದು ಕಳೆದುಹೋಯಿತು! ಭೂಮಿಯ ಸಮೀಪಕ್ಕೆ ಬಂದು ವೇಗವಾಗಿ ಸಾಗಿಹೋಗುವ ಆ ಕಾಯಕ್ಕೆ ಸಿಕ್ಕಿದ್ದ ವೀಕ್ಷಣೆಗಳು ತೀರ ಕಡಿಮೆ. ಗಾಸ್ ವಿಧಾನವೇನೋ ಇತ್ತು, ಆದರೆ ಆರಂಭದ ಅಳತೆಯ ಸಣ್ಣ ದೋಷ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. 2000ದಲ್ಲಿ ಅಮೆರಿಕದ ಸ್ಪೇಸ್‌ವಾಚ್ ದೂರದರ್ಶಕ ಹೊಸದೆಂದು ದಾಖಲಿಸಿದ ಒಂದು ಕಾಯದ ಕಕ್ಷೆಯನ್ನು ಹಿಂದಕ್ಕೆ ಗಣಿಸಿದಾಗ ಅದು ಆಲ್ಬರ್ಟನೇ ಎಂದು ತಿಳಿಯಿತು. ಎಂಬತ್ತೊಂಬತ್ತು ವರ್ಷಗಳ ಅಜ್ಞಾತವಾಸ! ಸಂಖ್ಯೆ ಪಡೆದೂ ಕಾಣೆಯಾಗಿದ್ದ ಕಿರುಗ್ರಹಗಳಲ್ಲಿ ಕೊನೆಯದಾಗಿ ಸಿಕ್ಕಿದ್ದು ಇದು.

ಇಂಥ ನಷ್ಟಗಳೇ ಪಟ್ಟಿ ಮಾಡುವವರಿಗೆ ಪಾಠ ಕಲಿಸಿದವು. 1891ರಲ್ಲಿ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವೂಲ್ಫ್ ಛಾಯಾಫಲಕದ ಮೂಲಕ ಬ್ರೂಸಿಯಾವನ್ನು (323) ಕಂಡುಹಿಡಿದರು. ದೀರ್ಘಕಾಲ ತೆರೆದಿಟ್ಟ ಫಲಕದಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ, ಸರಿಯುವ ಕಿರುಗ್ರಹ ಪುಟ್ಟ ಗೀರಾಗಿ ಮೂಡುತ್ತದೆ. ಶೋಧಗಳು ಹೆಚ್ಚಿದವು, ಗೊಂದಲವೂ ಹೆಚ್ಚಿತು. ಹೊಸದೆಂದು ವರದಿಯಾದದ್ದು ಹಳೆಯದೇ ಆಗಿರಬಹುದು. ಹಾಗಾಗಿ ಮೊದಲು ತಾತ್ಕಾಲಿಕ ಗುರುತು, ಕಕ್ಷೆ ಗಟ್ಟಿಯಾದ ಮೇಲಷ್ಟೇ ಸಂಖ್ಯೆ ಎಂಬ ಪದ್ಧತಿ ಬಂದಿತು. ಈಗಿನ ತಾತ್ಕಾಲಿಕ ಗುರುತಿನ ಕ್ರಮ 1925ರದು.

ನಮ್ಮ '1988 ಡಿಕ್ಯೂ1' ಅನ್ನು ಬಿಡಿಸೋಣ. 1988 ಶೋಧದ ವರ್ಷ. ಪ್ರತಿ ತಿಂಗಳನ್ನು ಎರಡು ಭಾಗ ಮಾಡಿ, ಜನವರಿ 1ರಿಂದ 15 ಎ, 16ರಿಂದ 31 ಬಿ, ಹೀಗೆ ರೋಮನ್ ಅಕ್ಷರ ಕೊಡುತ್ತಾರೆ. ಅಂಕಿ ಒಂದರೊಡನೆ ಗೊಂದಲವಾಗುವುದರಿಂದ 'ಐ' ಅಕ್ಷರ ಬಿಡುತ್ತಾರೆ. 'ಡಿ' ಎಂದರೆ ಫೆಬ್ರವರಿಯ ಎರಡನೆಯ ಭಾಗ. ಮುಂದಿನ ಅಕ್ಷರ ಆ ಭಾಗದಲ್ಲಿ ಎಷ್ಟನೆಯದು ಎಂಬುದನ್ನು ಹೇಳುತ್ತದೆ. ಐ ಬಿಟ್ಟರೆ 'ಕ್ಯೂ' ಹದಿನಾರನೆಯದು. ಇಪ್ಪತ್ತೈದು ಅಕ್ಷರ ಮುಗಿದರೆ ಮತ್ತೆ ಎ ಇಂದ ಶುರುಮಾಡಿ ಪಕ್ಕದಲ್ಲಿ 1 ಬರೆಯುತ್ತಾರೆ. ಅಂದರೆ 25 + 16, ಒಟ್ಟು 41. 1988ರ ಫೆಬ್ರವರಿಯ ಉತ್ತರಾರ್ಧದಲ್ಲಿ ದಾಖಲಾದ ನಲವತ್ತೊಂದನೆಯ ಕಾಯ ಇದು. ಇಷ್ಟು ಸಮಾಚಾರ ಲಾರಿಯ ನಂಬರಿನಲ್ಲೂ ಇರುವುದಿಲ್ಲ.

ಅದನ್ನು ಫೆಬ್ರವರಿ 17ರಂದು ಕಂಡವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್. ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ 45 ಸೆಂ.ಮೀ. ಶ್ಮಿಟ್ ದೂರದರ್ಶಕ ಬಳಸಿ 'ಕಲ್ಕಿ' ಎಂಬ ಯೋಜನೆಯಡಿ ನಡೆದ ಶೋಧ. ಮದ್ರಾಸ್ ವೀಕ್ಷಣಾಲಯ 1899ರಲ್ಲಿ ಕೊಡೈಕನಾಲಿಗೆ ಹೋಗಿ, ಅದರ ಪರಂಪರೆ ಮುಂದೆ ಇದೇ ಬೆಂಗಳೂರಿನ ಸಂಸ್ಥೆಗೆ ಬಂದಿದೆ. ಆದ್ದರಿಂದ ವೀರಾ ಮತ್ತು ರಾಮಾನುಜನ್ ನಡುವಿನ 103 ವರ್ಷಗಳ ಅಂತರ ಒಂದೇ ಮನೆತನದ ಎರಡು ಹೆರಿಗೆಗಳ ನಡುವಿನ ಅಂತರ. ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ.ಸಿ. ಭಟ್ಟಾಚಾರ್ಯರ ಹೆಸರು 8348ಕ್ಕೆ ಬಂದಿದೆ. ಅವರ ಹಿಂದಿನ ವೈನು ಬಾಪು ಅವರ ಹೆಸರಿನ 2596 ಸಿಕ್ಕಿದ್ದು ಮಾತ್ರ ದೂರದ ಚಿಲಿಯಲ್ಲಿ.

1947ರಿಂದ ಈ ಎಲ್ಲ ಲೆಕ್ಕ ಇಡುತ್ತಿರುವುದು ಅಮೆರಿಕದ ಕಿರುಗ್ರಹ ಕೇಂದ್ರ. ಮೊದಲು ಸಿನ್ಸಿನಾಟಿಯಲ್ಲಿತ್ತು, 1978ರಿಂದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದೆ. ಸಂಖ್ಯೆ ಸಿಕ್ಕ ಮೇಲೆ ಹೆಸರು ಸೂಚಿಸಲು ಶೋಧಕರಿಗೆ ಹತ್ತು ವರ್ಷ ಅವಕಾಶ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ ಒಪ್ಪಬೇಕು. ರೋಮನ್ ಲಿಪಿಯಲ್ಲಿ ಹದಿನಾರು ಅಕ್ಷರ ಮೀರಬಾರದು, ಉಚ್ಚರಿಸಲು ಬರಬೇಕು, ವ್ಯಾಪಾರಿ ಹೆಸರಾಗಬಾರದು. ರಾಜಕಾರಣಿ, ಸೇನಾನಿಗಳಾದರೆ ಸತ್ತು ನೂರು ವರ್ಷ ಆಗಿರಬೇಕು. ಇದು ನನಗೆ ಬಹಳ ಹಿಡಿಸಿದ ನಿಯಮ. ನಮ್ಮ ಊರುಗಳ ವೃತ್ತ, ಬಡಾವಣೆಗಳಿಗೂ ಅನ್ವಯಿಸಿದ್ದರೆ ಎಷ್ಟೊಂದು ಫಲಕಗಳು ಖಾಲಿ ಇರುತ್ತಿದ್ದವು! ಒಬ್ಬ ಶೋಧಕರು ತಮ್ಮ ಬೆಕ್ಕಿನ ಹೆಸರಾದ 'ಮಿಸ್ಟರ್ ಸ್ಪಾಕ್' ಅನ್ನು 2309ಕ್ಕೆ ಇಟ್ಟ ಮೇಲೆ, ಸಾಕುಪ್ರಾಣಿಗಳ ಹೆಸರು ಬೇಡವೆಂಬ ಸೂಚನೆಯೂ ಸೇರಿತು.

ಈಗ ತಿಳಿದಿರುವ ಕಿರುಗ್ರಹಗಳು ಹದಿಮೂರು ಲಕ್ಷಕ್ಕೂ ಹೆಚ್ಚು. ಸಂಖ್ಯೆ ಪಡೆದವು ಏಳು ಲಕ್ಷ ಮೀರಿವೆ. ಹೆಸರುಳ್ಳವು ಸುಮಾರು ಇಪ್ಪತ್ತೈದು ಸಾವಿರ. ಗಣಕದ ಕಡತದಲ್ಲಿ ಕ್ರಮಸಂಖ್ಯೆಗೆ ಇಟ್ಟಿದ್ದು ಐದೇ ಮನೆ. ಲಕ್ಷ ಮುಟ್ಟಿದಾಗ ಮೊದಲ ಮನೆಗೆ ಅಕ್ಷರ ತುಂಬಿದರು. ದೊಡ್ಡ, ಸಣ್ಣ ರೋಮನ್ ಅಕ್ಷರಗಳೆಲ್ಲ 6,19,999ಕ್ಕೆ ಮುಗಿದವು. ಈಗ ಬೇರೆ ಚಿಹ್ನೆ ಹಾಕಿ, 62ರ ಆಧಾರದ ಎಣಿಕೆಗೆ ಹೋಗಿದ್ದಾರೆ. 2025ರಲ್ಲಿ ಚಿಲಿಯ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಿಂದಲೇ 2,104 ಹೊಸ ಕಿರುಗ್ರಹಗಳು ಸಿಕ್ಕಿದ್ದವು. ಅವುಗಳನ್ನು ಪತ್ತೆಹಚ್ಚಿದ್ದು ಗಣಕದ ಕ್ರಮವಿಧಿ. ನಕ್ಷೆ ಹಿಡಿದು ಕುಳಿತ ಮನುಷ್ಯರಲ್ಲ.

ಕಿರುಗ್ರಹ ಕೇಂದ್ರದ ಪಟ್ಟಿ ಯಾರು ಬೇಕಾದರೂ ನೋಡಬಹುದಾದದ್ದು. ಅದರ 67ನೆಯ ಸಾಲಿಗೆ ಹೋಗಿ. ಏಷ್ಯಾ, 1861 ಏಪ್ರಿಲ್ 17, ಮದ್ರಾಸ್, ಎನ್.ಆರ್. ಪಾಗ್ಸನ್. ಅಲ್ಲಿಂದ ಕೆಳಕ್ಕೆ ಸರಿಯುತ್ತ 1830ಕ್ಕೆ ಬಂದರೆ, ಸ್ವಿಟ್ಜರ್ಲೆಂಡಿನಲ್ಲಿ 1968ರಲ್ಲಿ ಕಂಡ ಕಿರುಗ್ರಹವೊಂದರ ಎದುರು ಪಾಗ್ಸನ್ ಎಂಬ ಹೆಸರು ಮತ್ತೆ ಸಿಗುತ್ತದೆ. ಈ ಬಾರಿ ಶೋಧಕರ ಅಂಕಣದಲ್ಲಲ್ಲ.