ಹಳಕಟ್ಟಿಯವರ ಮನೆತನ

ಭಕ್ತರೇ, ಹೊಸಬ ಬಂದರೆ ಮನೆತನ ಕೇಳುವುದು ನಮ್ಮ ಊರುಗಳ ರೂಢಿ. ಇಂದು ಫ. ಗು. ಹಳಕಟ್ಟಿಯವರ ಮನೆತನ ಕೇಳೋಣ. ಅವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಹೌದು, ತಾಯಿ ದಾನಮ್ಮನವರು. ತಂದೆಯ ಓದುಬರಹವೇ ಮಗನಿಗೆ ಬಂದ ಪಿತ್ರಾರ್ಜಿತ.

ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ವಚನಗಳ ತಾಡೋಲೆ ಕಟ್ಟುಗಳಿಗಾಗಿ ಮನೆಮನೆ, ಮಠಮಠ ಅಲೆದರು. ಕಟ್ಟುಗಳು ಜಗುಲಿಯ ಮೇಲಿದ್ದವು. ವಿಭೂತಿ ಧರಿಸಿ ಪೂಜಿಸುವವರಿದ್ದರು, ಬಿಚ್ಚಿ ಓದುವವರು ವಿರಳ. ಈ ಮಾತು ನಮಗೂ ತಟ್ಟಬೇಕು! 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಮುಂದಿನ ಗ್ರಂಥಗಳಿಗೆ ಸ್ವಂತ ಅಚ್ಚುಕೂಟ ಬೇಕೆನಿಸಿತು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. 1964ರಲ್ಲಿ ಲಿಂಗೈಕ್ಯರಾದರು. ಮನೆ ಮಾರಿದ ಮೇಲೆ ವಕೀಲರ ಸಂಸಾರ ನಡೆದದ್ದು ಬಾಡಿಗೆ ಮನೆಯಲ್ಲಿ.